ಬಂಡಿ ಓಟದಲ್ಲಿ ಅಜಾಗರೂಕ ಚಾಲನೆ ಮತ್ತು ಶಿಸ್ತು ವಿಚಾರಣೆ

ಪಂದ್ಯದಲ್ಲಿ ಗಾಡಿ ಹೊಡೆಯುವವನ ಗಮನಗೇಡಿತನದಿಂದ ಎದುರಾಳಿಗೆ ಅಡ್ಡಿಯೋ, ಪ್ರಾಣಿಗೆ ನೋವೋ, ನೋಡುಗರಿಗೆ ಅಪಾಯವೋ ಆದಾಗ ಆ ತಪ್ಪನ್ನು ವಿಚಾರಿಸಿ ತೀರ್ಪು ಕೊಡುವ ಕ್ರಮ. ಕುದುರೆಗೆ ಎರಡು ಗಾಲಿಯ ಹಗುರ ಗಾಡಿ ಹೂಡಿ ಓಡಿಸುವ ಹಾರ್ನೆಸ್ ರೇಸಿಂಗ್‌ನಲ್ಲಿ ಈ ವಿಚಾರಣೆ ಆಟದ ನಿಯಮಗಳ ಒಳಗೇ ನಡೆಯುತ್ತದೆ. ಆ ಆಟ ಕರ್ನಾಟಕದಲ್ಲಿ ಸಂಘಟಿತವಾಗಿ ಬೆಳೆದಿಲ್ಲ. ಅದಕ್ಕೆ ಹತ್ತಿರವಾದವು ಉತ್ತರ ಕರ್ನಾಟಕದ ಎತ್ತಿನ ಬಂಡಿ ಓಟ, ಕುದುರೆ ಗಾಡಿ ಶರ್ಯತ್ತು ಮತ್ತು ಭಾರ ಎಳೆಯುವ ಸ್ಪರ್ಧೆಗಳು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಎತ್ತಿನ ಸ್ಪರ್ಧೆಗಳು ಕಾರಹುಣ್ಣಿಮೆ ಮತ್ತು ಜಾತ್ರೆಗಳೊಂದಿಗೆ ಹೆಣೆದುಕೊಂಡಿವೆ. ಇಲ್ಲಿ ಹೊಡೆಯುವವನ ತಪ್ಪಿಗೆ ಎರಡೇ ಕಟಕಟೆಗಳು: ಕಣದಲ್ಲಿ ಪಂಚರ ಮಾತು, ಇಲ್ಲವೆ ಅನಾಹುತದ ನಂತರ ಪೊಲೀಸು ಮತ್ತು ನ್ಯಾಯಾಲಯ. ಇವೆರಡರ ನಡುವಿನ ಜಾಗ ಖಾಲಿ ಇದೆ.

ಹಾರ್ನೆಸ್ ರೇಸಿಂಗ್‌ನಲ್ಲಿ ಅಜಾಗರೂಕತೆ

ಈ ಆಟದಲ್ಲಿ ಕುದುರೆಯ ಬೆನ್ನ ಮೇಲೆ ಜಾಕಿ ಇರುವುದಿಲ್ಲ. ಸಲ್ಕಿ ಎಂಬ ಗಾಡಿಯಲ್ಲಿ ಕುಳಿತ ಚಾಲಕ ಉದ್ದ ಲಗಾಮಿನಿಂದ ಕುದುರೆಯನ್ನು ನಡೆಸುತ್ತಾನೆ. ಕುದುರೆ ನಾಗಾಲೋಟಕ್ಕೆ ಬೀಳಬಾರದು. ಟ್ರಾಟ್ ಪಂದ್ಯದಲ್ಲಿ ಎದುರುಬದುರು ಮೂಲೆಯ ಕಾಲುಗಳು, ಪೇಸ್ ಪಂದ್ಯದಲ್ಲಿ ಒಂದೇ ಮಗ್ಗುಲಿನ ಕಾಲುಗಳು ಜೊತೆಯಾಗಿ ಚಲಿಸಬೇಕು. ನಡೆ ಕೆಟ್ಟರೆ ಚಾಲಕ ಕುದುರೆಯನ್ನು ಬಿಗಿಹಿಡಿದು ಮತ್ತೆ ಸರಿನಡೆಗೆ ತರಬೇಕು. ಈ ಓಟಕ್ಕೆ ಬಳಸುವ ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ತಳಿಯ ಹೆಸರೂ ಒಂದು ಅಳತೆಯಿಂದಲೇ ಬಂದದ್ದು. 1879ರಲ್ಲಿ ಅಮೆರಿಕದಲ್ಲಿ ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಟ್ರಾಟ್ ಮಾಡುವುದನ್ನು ಆ ತಳಿಯ ಮಾನದಂಡವನ್ನಾಗಿ ಇಟ್ಟುಕೊಳ್ಳಲಾಯಿತು.

ಗಾಡಿಗೆ ಅಗಲವಿದೆ, ಹೊರಚಾಚಿದ ಗಾಲಿಗಳಿವೆ. ಹಾಗಾಗಿ ಬೆನ್ನೇರಿ ಓಡಿಸುವ ಓಟಕ್ಕಿಂತ ಇಲ್ಲಿ ತಗಲುವ ಸಂಭವ ಹೆಚ್ಚು. ಮುಂದಿನವನನ್ನು ಪೂರ್ತಿ ದಾಟುವ ಮೊದಲೇ ಒಳಸಾಲಿಗೆ ಎಳೆದುಕೊಳ್ಳುವುದು, ಜಾಗವಿಲ್ಲದ ಕಡೆ ನುಗ್ಗುವುದು, ಗಾಲಿಗೆ ಗಾಲಿ ತಾಗಿಸುವುದು, ಹಿಂದಿನವನಿಗೆ ಸುಳಿವಿಲ್ಲದಂತೆ ಥಟ್ಟನೆ ವೇಗ ಇಳಿಸುವುದು ಅಜಾಗರೂಕತೆಯ ಸಾಮಾನ್ಯ ರೂಪಗಳು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನ ನಿಯಮಗಳಲ್ಲಿ ಅಜಾಗರೂಕ ಚಾಲನೆ ಬೇರೆ, ಲೆಕ್ಕಿಸದೆ ನುಗ್ಗುವ ಚಾಲನೆ ಬೇರೆ. ಮೊದಲನೆಯದಕ್ಕೆ ಕೆಟ್ಟ ಉದ್ದೇಶ ಸಾಬೀತಾಗಬೇಕಿಲ್ಲ. ಅದೇ ಸಂದರ್ಭದಲ್ಲಿ ಒಬ್ಬ ನುರಿತ ಚಾಲಕ ವಹಿಸುತ್ತಿದ್ದ ಎಚ್ಚರ ಇವನಲ್ಲಿತ್ತೇ ಎಂಬುದಷ್ಟೇ ಪ್ರಶ್ನೆ.

ವಿಚಾರಣೆ ಬಹುಮಟ್ಟಿಗೆ ಓಟದ ದಿನವೇ ಮುಗಿಯುತ್ತದೆ. ಸ್ಟೀವರ್ಡ್‌ಗಳೆಂಬ ಪಂದ್ಯದ ಮೇಲ್ವಿಚಾರಕರು ದೂರು ದಾಖಲಿಸುತ್ತಾರೆ. ಚಾಲಕ ತಪ್ಪೊಪ್ಪಬಹುದು, ಅಲ್ಲಗಳೆಯಬಹುದು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ತೆಗೆದ ಚಿತ್ರೀಕರಣವನ್ನು ಎಲ್ಲರೆದುರು ಮತ್ತೆ ಮತ್ತೆ ನೋಡಲಾಗುತ್ತದೆ. ಅಡ್ಡಿಗೊಳಗಾದ ಚಾಲಕನ ಹೇಳಿಕೆಯೂ ಆರೋಪಿಯ ವಾದವೂ ಕೇಳಲ್ಪಡುತ್ತವೆ. ತಪ್ಪು ರುಜುವಾತಾದರೆ ಕೆಲವು ದಿನ ಗಾಡಿ ಹೊಡೆಯದಂತೆ ಅಮಾನತು, ಇಲ್ಲವೆ ದಂಡ. ಬೇಗ ಒಪ್ಪಿಕೊಂಡದ್ದು ಮತ್ತು ಹಿಂದಿನ ಶುದ್ಧ ದಾಖಲೆ ಶಿಕ್ಷೆಯನ್ನು ಇಳಿಸುತ್ತವೆ. ಅಡ್ಡಿಗೊಳಗಾದ ಕುದುರೆ ಬಿದ್ದಿದ್ದರೆ ಶಿಕ್ಷೆ ಏರುತ್ತದೆ. ನ್ಯೂಜಿಲೆಂಡ್‌ನಲ್ಲಿ ತೀರ್ಪು ಕೊಡುವ ಹೊಣೆ ಮೊದಲು ಜುಡಿಷಿಯಲ್ ಕಂಟ್ರೋಲ್ ಅಥಾರಿಟಿಯದಾಗಿತ್ತು. 2020ರ ರೇಸಿಂಗ್ ಇಂಡಸ್ಟ್ರಿ ಕಾಯಿದೆಯ ಮೇರೆಗೆ 2021ರ ಜುಲೈ 1ರಿಂದ ಅದು ರೇಸಿಂಗ್ ಇಂಟೆಗ್ರಿಟಿ ಬೋರ್ಡ್‌ಗೆ ಸೇರಿತು.

ಪ್ರಾಚೀನ ನಿದರ್ಶನಗಳು

ಗಾಡಿ ಓಟದ ತಕರಾರಿನ ಪ್ರಸಿದ್ಧ ಪ್ರಾಚೀನ ಚಿತ್ರಣ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 23ನೆಯ ಸರ್ಗದಲ್ಲಿದೆ. ವೀರ ಪ್ಯಾಟ್ರೊಕ್ಲಸ್‌ನ ಉತ್ತರಕ್ರಿಯೆಯ ರಥದೋಟದಲ್ಲಿ ತರುಣ ಆಂಟಿಲೋಕಸ್ ಇಕ್ಕಟ್ಟಾದ ಹಾದಿಯಲ್ಲಿ ಮೆನೆಲಾಸ್‌ನ ಮಗ್ಗುಲಿಗೆ ರಥ ನುಗ್ಗಿಸುತ್ತಾನೆ. ರಥಗಳು ಡಿಕ್ಕಿಯಾದಾವೆಂದು ಹೆದರಿ ಮೆನೆಲಾಸ್ ತನ್ನ ಕುದುರೆಗಳನ್ನು ತಡೆಯಬೇಕಾಗುತ್ತದೆ. ಓಟ ಮುಗಿದ ಮೇಲೆ ಸಭೆಯ ಮುಂದೆ ದೂರು ಬರುತ್ತದೆ. ಚಾವಟಿ ಹಿಡಿದು, ಕುದುರೆಗಳನ್ನು ಮುಟ್ಟಿ, ಮೋಸದಿಂದ ತಡೆದಿಲ್ಲವೆಂದು ಪೊಸೈಡನ್ ದೇವರ ಮೇಲೆ ಆಣೆ ಮಾಡಬೇಕೆಂದು ಮೆನೆಲಾಸ್ ಪಟ್ಟುಹಿಡಿಯುತ್ತಾನೆ. ಆಂಟಿಲೋಕಸ್ ಆಣೆ ಮಾಡುವುದಿಲ್ಲ. ತನ್ನದು ಹುಡುಗುಬುದ್ಧಿಯೆಂದು ಒಪ್ಪಿ, ಗೆದ್ದ ಹೆಣ್ಣುಕುದುರೆಯನ್ನು ಬಿಟ್ಟುಕೊಡುತ್ತಾನೆ. ಮೆನೆಲಾಸ್ ಸಮಾಧಾನಗೊಂಡು ಅದನ್ನು ಅವನಿಗೇ ಮರಳಿಸುತ್ತಾನೆ. ದೂರು, ವಿಚಾರಣೆ, ತಪ್ಪೊಪ್ಪಿಗೆ, ಶಿಕ್ಷೆಯ ವಿನಾಯಿತಿ ನಾಲ್ಕೂ ಇಲ್ಲಿವೆ.

ಭಾರತದ ಧರ್ಮಶಾಸ್ತ್ರಗಳು ಓಟಕ್ಕಿಂತ ದಾರಿಯ ಗಾಡಿಯ ಕುರಿತು ಹೆಚ್ಚು ಯೋಚಿಸಿದವು. ಮನುಸ್ಮೃತಿಯ ಎಂಟನೆಯ ಅಧ್ಯಾಯ ಗಾಡಿಯಿಂದಾದ ಹಾನಿಗೆ ಶಿಕ್ಷೆಯಿಲ್ಲದ ಹತ್ತು ಸಂದರ್ಭಗಳನ್ನು ಹೇಳುತ್ತದೆ. ಮೂಗುದಾರ ಹರಿದದ್ದು, ನೊಗ ಮುರಿದದ್ದು, ಅಚ್ಚು ಅಥವಾ ಗಾಲಿ ಮುರಿದದ್ದು, ಮಿಣಿ ಕಿತ್ತದ್ದು, ‘ಸರಿಯಿರಿ’ ಎಂದು ಕೂಗಿ ಎಚ್ಚರಿಸಿದ್ದು ಅವುಗಳಲ್ಲಿ ಸೇರಿವೆ. ಹೊಡೆಯುವವನಿಗೆ ಪಳಗಿದ ಕೈ ಇಲ್ಲದೆ ಗಾಡಿ ಹಾದಿ ಬಿಟ್ಟು ಹಾನಿಯಾದರೆ ಒಡೆಯನಿಗೆ 200 ಪಣ ದಂಡ. ಹೊಡೆಯುವವನು ನುರಿತವನಾಗಿದ್ದರೆ ದಂಡ ಅವನಿಗೇ. ಬಂಡಿಯ ಸಲಕರಣೆ ಕೈಕೊಟ್ಟದ್ದನ್ನೂ ಮನುಷ್ಯನ ಅಲಕ್ಷ್ಯವನ್ನೂ ಬೇರ್ಪಡಿಸುವ ಈ ಲೆಕ್ಕವನ್ನೇ ಇಂದಿನ ವಿಚಾರಣಾ ಮಂಡಳಿಗಳೂ ಮಾಡುತ್ತವೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿ ಈ ಮೂರೂ ಊರುಗಳಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಮತ್ತು ಮುದಗಲ್ ಕೋಟೆ ಇವೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಿಲಾಶಾಸನ ಅಶೋಕನ ಹೆಸರನ್ನು ನೇರವಾಗಿ ಹೇಳಿದ್ದರಿಂದ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬ ಗೊಂದಲ ಬಗೆಹರಿಯಿತು. ಅದೇ ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ ಗೊತ್ತುಮಾಡಿದ ತಿಥಿಗಳಂದು ಹೋರಿಗಳ ಬೀಜ ಒಡೆಯಬಾರದು, ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಎಂದು ವಿಧಿಸಿದ್ದ.

ಎರೆಹೊಲದ ಈ ಸೀಮೆಯಲ್ಲಿ ಉಳುಮೆಯ ಬಹುಪಾಲನ್ನು ಟ್ರ್ಯಾಕ್ಟರ್ ವಹಿಸಿಕೊಂಡಿದೆ. ಆದರೂ ಒಳ್ಳೆಯ ಜೋಡಿ ಕಟ್ಟುವ ಹಮ್ಮು ರೈತನಿಗೆ ಹೋಗಿಲ್ಲ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಊರ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಬೇವಿನ ಸೊಪ್ಪಿನ ತೋರಣವನ್ನು ಮೊದಲು ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷ ಮುಂಗಾರು ಚೆನ್ನೋ ಹಿಂಗಾರು ಚೆನ್ನೋ ಎಂದು ಹೇಳುವುದು ವಾಡಿಕೆ. ಕರಿ ಹರಿಯುವುದರಲ್ಲಿ ಬಂಡಿಯಿಲ್ಲ, ಹೊಡೆಯುವವನೂ ಇಲ್ಲ. ಗೆಲುವು ಸೋಲು ಎತ್ತಿನದೇ. ಜಿಲ್ಲಾ ಕೇಂದ್ರ ರಾಯಚೂರಿನಲ್ಲಿ ಇದೇ ಹುಣ್ಣಿಮೆಗೆ ಮುನ್ನೂರು ಕಾಪು ಸಮಾಜ ಮೂರು ದಿನಗಳ ಮುಂಗಾರು ಸಾಂಸ್ಕೃತಿಕ ಹಬ್ಬ ನಡೆಸುತ್ತದೆ. ಒಂದೂವರೆ ಟನ್ನಿನಿಂದ ಎರಡೂವರೆ ಟನ್‌ವರೆಗಿನ ಕಲ್ಲುಗಳನ್ನು ಜೋಡೆತ್ತು ಎಳೆಯುವುದು ಅದರ ಮುಖ್ಯ ಆಕರ್ಷಣೆ. ನೆರೆಯ ಆಂಧ್ರಪ್ರದೇಶ, ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ.

ಸ್ಪರ್ಧೆಯ ಬಗೆಗೆ ತಕ್ಕಂತೆ ತಪ್ಪಿನ ಬಗೆಯೂ ಬದಲಾಗುತ್ತದೆ. ಕಲ್ಲು ಎಳೆಯುವಾಗ ಕಣದಲ್ಲಿ ಒಂದೇ ಜೋಡಿ ಇರುತ್ತದೆ; ನಿಗದಿತ ಸಮಯದಲ್ಲಿ ಎಷ್ಟು ದೂರ ಎಳೆಯಿತು ಎಂಬುದೇ ಲೆಕ್ಕ. ಇಲ್ಲಿ ಎದುರಾಳಿಗೆ ಅಡ್ಡಿಯಾಗುವ ಮಾತೇ ಬಾರದು. ತಪ್ಪೇನಿದ್ದರೂ ಬಾರುಕೋಲಿನದು, ಬಾಲ ತಿರುಚಿದ್ದು, ಚುಚ್ಚಿದ್ದು. ಒಂದೊಂದೇ ಬಂಡಿ ಓಡಿಸಿ ಗಡಿಯಾರ ಹಿಡಿಯುವ ಪದ್ಧತಿಯಲ್ಲೂ ಹಾಗೆಯೇ. ಎರಡು ಮೂರು ಬಂಡಿಗಳನ್ನು ಒಟ್ಟಿಗೆ ಬಿಟ್ಟಾಗ ಮಾತ್ರ ಹಾರ್ನೆಸ್ ರೇಸಿಂಗ್‌ನಲ್ಲಿ ಕಾಣುವ ತಕರಾರುಗಳು ಏಳುತ್ತವೆ. ಹೊಲದಲ್ಲೋ ರಸ್ತೆಯಲ್ಲೋ ಸಾಲು ಗುರುತಿಸಿರುವುದಿಲ್ಲ. ಎಡಗೋಲಿನ ಎತ್ತಿಗೂ ಬಲಗೋಲಿನ ಎತ್ತಿಗೂ ಬಿರುಸು ಹೊಂದದಿದ್ದರೆ ಬಂಡಿ ಒಂದು ಕಡೆಗೆ ಎಳೆಯುತ್ತದೆ. ಇಕ್ಕೆಲಗಳಲ್ಲಿ ಜನ ಗೋಡೆ ಕಟ್ಟಿದಂತೆ ನಿಂತಿರುತ್ತಾರೆ. ಇಂಥಲ್ಲಿ ಗಾಲಿ ತಾಗಿತೋ, ತಾಗಿಸಿದನೋ ಎಂದು ತೀರ್ಮಾನಿಸುವುದು ಸುಲಭವಲ್ಲ. ಊರ ಹಿರಿಯರು ಮತ್ತು ಸಂಘಟಕರು ಪಂಚರಾಗಿ ನಿಂತು ‘ಓಟ ಮತ್ತೆ ಆಗಲಿ’ ಎನ್ನುವುದು ಅಥವಾ ಜೋಡಿಯನ್ನು ಆಟದಿಂದ ಹೊರಗಿಡುವುದು ರೂಢಿ. ಆ ಮಾತಿಗೆ ಮನ್ನಣೆ ಇದೆ. ಆದರೆ ಅದು ಬಾಯಿಮಾತು. ಈ ಜಾತ್ರೆಯಲ್ಲಿ ಹೊರಗುಳಿದವನಿಗೆ ಮುಂದಿನ ಜಾತ್ರೆಯಲ್ಲಿ ಬಂಡಿ ಹೂಡಲು ಅಡ್ಡಿಯಿಲ್ಲ.

ಕಾನೂನಿನ ಚೌಕಟ್ಟು

1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಪ್ರಾಣಿಯನ್ನು ಹೊಡೆಯುವುದು, ಮಿತಿಮೀರಿ ಓಡಿಸುವುದು, ಮಿತಿಮೀರಿ ಭಾರ ಹೇರುವುದನ್ನು ಅಪರಾಧವೆನ್ನುತ್ತದೆ. ಮೊದಲ ಬಾರಿಯ ತಪ್ಪಿಗೆ ಅದು ಇಟ್ಟಿರುವ ದಂಡ 10ರಿಂದ 50 ರೂಪಾಯಿ. ಭಾರ ಎಳೆಯುವ ಪ್ರಾಣಿಗಳ ಕುರಿತ 1965ರ ನಿಯಮಗಳು ಮೊಳೆಯಿರುವ ಕೋಲನ್ನು ನಿಷೇಧಿಸುತ್ತವೆ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ಹೂಡಬಾರದು ಎಂಬ ನಿಯಮವೂ ಅಲ್ಲಿದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಈ ಮಿತಿ ದಾಟದ ದಿನಗಳೇ ಕಡಿಮೆ.

ಕೇಂದ್ರ ಸರ್ಕಾರ 2011ರ ಜುಲೈ 11ರ ಅಧಿಸೂಚನೆಯಲ್ಲಿ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಎ. ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟನ್ನೂ ಬಂಡಿ ಓಟವನ್ನೂ ನಿಷೇಧಿಸಿತು. ತಮಿಳುನಾಡಿನ 2017ರ ಜಲ್ಲಿಕಟ್ಟು ಚಳವಳಿಯ ಬೆನ್ನಿಗೇ ಕರ್ನಾಟಕವೂ ಕಾಯಿದೆಗೆ ತಿದ್ದುಪಡಿ ತಂದಿತು. ಕಂಬಳದ ಜೊತೆಗೆ ಹೋರಿ ಓಟ ಮತ್ತು ಎತ್ತಿನ ಬಂಡಿ ಓಟಗಳಿಗೂ ಅದು ರಕ್ಷಣೆ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅವುಗಳ ಷರತ್ತುಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾಡಳಿತದ ಮೇಲೆ ಹೊರಿಸಿತು.

ಮನುಷ್ಯರಿಗೆ ಪೆಟ್ಟಾದರೆ ದಂಡಸಂಹಿತೆ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ದುಡುಕಿನಿಂದ ವಾಹನ ನಡೆಸುವ ಅಪರಾಧ ಮೋಟಾರು ವಾಹನಕ್ಕಷ್ಟೇ ಸೀಮಿತವಲ್ಲ; ಎತ್ತಿನ ಬಂಡಿ, ಕುದುರೆ ಗಾಡಿಗೂ ಅನ್ವಯಿಸುತ್ತದೆ. ಹಿಂದೆ ಇದು ಭಾರತ ದಂಡಸಂಹಿತೆಯ 279ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಾಗಿದೆ. ಶಿಕ್ಷೆ ಆರು ತಿಂಗಳವರೆಗಿನ ಸೆರೆ, 1,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ತೋರುವ ಅಲಕ್ಷ್ಯಕ್ಕೆ 291ನೆಯ ಕಲಮು, ಅಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಕಲಮು ಅನ್ವಯವಾಗುತ್ತವೆ.

ರಾಜ್ಯದ ಇತರ ಮಾದರಿಗಳು

ಕರ್ನಾಟಕಕ್ಕೆ ಶಿಸ್ತು ವಿಚಾರಣೆ ಹೊಸದಲ್ಲ. 1891ರಲ್ಲಿ ಆರಂಭವಾದ ಮೈಸೂರು ರೇಸ್ ಕ್ಲಬ್ಬಿನಲ್ಲೂ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲೂ ಸ್ಟೀವರ್ಡ್‌ಗಳ ವಿಚಾರಣೆ ಓಟದ ದಿನದ ಸಾಮಾನ್ಯ ಸಂಗತಿ. ಅಜಾಗರೂಕ ಸವಾರಿಗೆ ಜಾಕಿಯನ್ನು ಅಮಾನತು ಮಾಡುವ ಅಧಿಕಾರ ಅವರಿಗಿದೆ. ಅದರ ವಿರುದ್ಧ ಮೇಲ್ಮನವಿಗೂ ದಾರಿಯಿದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದಿತು. ಕೌಶಲವನ್ನು ಒಪ್ಪಿದರೆ ಕೌಶಲದ ಲೋಪವನ್ನೂ ಅಳೆಯಬೇಕಾಗುತ್ತದೆ. ಕರಾವಳಿಯ ಕಂಬಳದಲ್ಲಿ ಒಂದೊಂದು ಜೋಡಿಗೂ ಬೇರೆ ಬೇರೆ ಕರೆ (ಓಟದ ಹಾದಿ) ಇರುವುದರಿಂದ ಕೋಣಗಳು ಒಂದನ್ನೊಂದು ಅಡ್ಡಗಟ್ಟುವುದಿಲ್ಲ. ಗೆಲುವಿನ ಗೆರೆಯಲ್ಲಿ ಲೇಸರ್ ಕಿರಣ ಬಂದ ಮೇಲೆ ಸಮಯದ ತಕರಾರೂ ತಗ್ಗಿದೆ.

ಉಳಿದಿರುವ ಅಂತರ

ಬಂಡಿ ಓಟದ ಕಾನೂನು ಪ್ರಾಣಿಯ ನೋವನ್ನು ನೋಡುತ್ತದೆ; ದಂಡಸಂಹಿತೆ ಮನುಷ್ಯನ ಗಾಯವನ್ನು ನೋಡುತ್ತದೆ. ಗಾಯವೂ ಇಲ್ಲ, ಬಾಸುಂಡೆಯೂ ಇಲ್ಲ, ಆದರೆ ಒಬ್ಬ ಮತ್ತೊಬ್ಬನ ಹಾದಿಗೆ ಬಂಡಿ ತಂದ ಎಂಬ ದೂರಿಗೆ ಎರಡರಲ್ಲೂ ಜಾಗವಿಲ್ಲ. ಕರ್ನಾಟಕದ ತಿದ್ದುಪಡಿ ಇಂಥ ದೂರನ್ನು ಕೇಳುವ ಮಂಡಳಿಯನ್ನು ರಚಿಸಿಲ್ಲ. ಹಾರ್ನೆಸ್ ರೇಸಿಂಗ್‌ನ ಅಮಾನತು ಮೇಲ್ನೋಟಕ್ಕೆ ಚಿಕ್ಕ ಶಿಕ್ಷೆ. ಅದರ ತೂಕ ದಾಖಲೆಯಲ್ಲಿದೆ: ಚಾಲಕ ಮುಂದಿನ ಬಾರಿ ಮಂಡಳಿಯ ಮುಂದೆ ನಿಂತಾಗ ಹಿಂದಿನ ಪುಟವೂ ತೆರೆದುಕೊಳ್ಳುತ್ತದೆ. ಪಂಚರ ಕಟ್ಟೆಗೆ ಕಣ್ಣಿದೆ, ನ್ಯಾಯಬುದ್ಧಿಯೂ ಇದೆ, ಆ ಪುಟವಿಲ್ಲ. ಅಜಾಗರೂಕತೆ ಅನಾಹುತವಾಗುವ ಮೊದಲೇ ಹಿಡಿಯಬೇಕಾದ ತಪ್ಪು. ಸಿಂಧನೂರು ಸೀಮೆಯ ಕಣದಲ್ಲಿ ಅದು ಲೆಕ್ಕಕ್ಕೆ ಬರುವುದು ಬಹುತೇಕ ಅನಾಹುತವಾದ ಮೇಲೆಯೇ.