ಹಾವಿನ ವಿಷದ ಪ್ರತಿವಿಷ: ತಯಾರಿಕೆಯಲ್ಲಿ ಜೈವಿಕ ವ್ಯತ್ಯಾಸಗಳ ನಿರ್ವಹಣೆ

ಅಲ್ಪ ಪ್ರಮಾಣದ ವಿಷವನ್ನು ಹಲವು ಬಾರಿ ಚುಚ್ಚಲಾದ ಕುದುರೆಗಳ ರಕ್ತದ ಪ್ಲಾಸ್ಮಾದಿಂದ ಪ್ರತಿವಿಷವನ್ನು ತಯಾರಿಸಲಾಗುತ್ತದೆ. ಎಲ್ಲ ಕುದುರೆಗಳೂ ಒಂದೇ ಪ್ರಮಾಣದಲ್ಲಿ ಪ್ರತಿಕಾಯಗಳನ್ನು ಉತ್ಪಾದಿಸುವುದಿಲ್ಲ. ಆದುದರಿಂದ ಹಲವು ಕುದುರೆಗಳ ಪ್ಲಾಸ್ಮಾವನ್ನು ಬೆರೆಸಿ, ಪೆಪ್ಸಿನ್ ಕಿಣ್ವದಿಂದ ಸಂಸ್ಕರಿಸಿ, ಅನಗತ್ಯ ಪ್ರೋಟೀನುಗಳನ್ನು ಬೇರ್ಪಡಿಸಲಾಗುತ್ತದೆ. ಬಳಿಕ ಪ್ರತಿ ಬ್ಯಾಚಿನ ಸಾಮರ್ಥ್ಯವನ್ನು ಬಿಳಿ ಇಲಿಗಳ ಮೇಲೆ ಪರೀಕ್ಷಿಸಲಾಗುತ್ತದೆ. ಭಾರತದಲ್ಲಿ ನಿಗದಿಯಾದ ಮಾನದಂಡದಂತೆ 1 ಮಿ.ಲೀ. ಪ್ರತಿವಿಷವು ನಾಗರಹಾವು, ಕೊಳಕುಮಂಡಲಗಳ ತಲಾ 0.60 ಮಿ.ಗ್ರಾಂ. ಹಾಗೂ ಕಟ್ಟುಹಾವು, ಗರಗಸ ಮಂಡಲಗಳ ತಲಾ 0.45 ಮಿ.ಗ್ರಾಂ. ವಿಷವನ್ನು ನಿಷ್ಕ್ರಿಯಗೊಳಿಸತಕ್ಕದ್ದು.

ಶುದ್ಧೀಕರಣದಿಂದ ನೀಗದ ವ್ಯತ್ಯಾಸವೂ ಒಂದುಂಟು, ಅದು ವಿಷದ್ದೇ. ತಯಾರಿಕೆಗೆ ಬೇಕಾದ ವಿಷದ ಬಹುಪಾಲು ದೀರ್ಘಕಾಲ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದಲೇ ಬಂದಿದೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶಕ್ಕೆ ತಕ್ಕಂತೆ ಭಿನ್ನವಾಗಿದ್ದು, ಪ್ರತಿವಿಷದ ಪರಿಣಾಮವೂ ಬದಲಾಗುತ್ತದೆ. ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲದ ವಿಷವು ಈ ನಾಲ್ಕರಲ್ಲಿ ಸೇರಿಲ್ಲ.