ಗಿನಿಪಿಗ್ ಮೂತ್ರಕೋಶದ ಕಲ್ಲು: ಸೊಪ್ಪಿನ ಮೇಲೇಕೆ ಅಪವಾದ?

ನಮ್ಮ ಜಿಲ್ಲೆಯ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೊಸ ಬಡಾವಣೆಗಳಲ್ಲಿ ನಾಯಿ, ಬೆಕ್ಕುಗಳ ಜೊತೆಗೆ ಗಿನಿಪಿಗ್ ಸಾಕುವ ಮನೆಗಳೂ ಈಗ ಇವೆ. ಐದರಿಂದ ಏಳು ವರ್ಷ ಬದುಕುವ ಈ ಪ್ರಾಣಿಗೆ ಮೂರು ವರ್ಷ ದಾಟಿದ ಮೇಲೆ ಮೂತ್ರಕೋಶದ ಕಲ್ಲಿನ ತೊಂದರೆಯ ಬಗ್ಗೆ ಎಚ್ಚರ ಬೇಕು. ಉಚ್ಚೆ ಹೊಯ್ಯುವಾಗ ಕೀಚುಗುಟ್ಟುವುದು, ಬೆನ್ನು ಬಾಗಿಸಿ ಮುದುಡಿ ಕೂರುವುದು, ಹಾಸಿದ ಬಟ್ಟೆಯಲ್ಲಿ ರಕ್ತದ ಕಲೆ ಇವೆಲ್ಲ ಅದರ ಲಕ್ಷಣಗಳು. ಆಗ ಎಲ್ಲ ಕಡೆಯಿಂದಲೂ ಬರುವ ಮೊದಲ ಸಲಹೆ ಒಂದೇ: ಸೊಪ್ಪು ನಿಲ್ಲಿಸಿ, ಅದರಲ್ಲಿ ಕ್ಯಾಲ್ಸಿಯಂ ಇದೆ. ಅರ್ಧ ತಿಳಿವಳಿಕೆಯಿಂದ ಹುಟ್ಟಿದ ಈ ಸಲಹೆಯಿಂದ ಮುದಿ ಪ್ರಾಣಿಗೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಈ ಕಲ್ಲಿನ ಬಗೆಗಿನ ತಿಳಿವಳಿಕೆ ಬೆಳೆದುಬಂದ ಬಗೆಯನ್ನು ಗಮನಿಸಿದರೆ, ಅಪವಾದ ಸೊಪ್ಪಿನ ಮೇಲೆ ಏಕೆ ಬಂತು, ನಿಜವಾಗಿ ಎಲ್ಲಿಗೆ ಹೋಗಬೇಕಿತ್ತು ಎರಡೂ ತಿಳಿಯುತ್ತವೆ.

ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಪಳಗಿಸಿದ ಪ್ರಾಣಿ ಇದು. ಹದಿನಾರನೆಯ ಶತಮಾನದಲ್ಲಿ ಯುರೋಪು ಸೇರಿತು, ಆಮೇಲೆ ಪ್ರಯೋಗಾಲಯ ಹೊಕ್ಕಿತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯಕ್ಕೆ ರೋಗಾಣುವೇ ಕಾರಣವೆಂದು ಸಾಧಿಸಿ ತೋರಿಸಿದ್ದರಲ್ಲಿ ಗಿನಿಪಿಗ್‌ಗಳ ಪಾತ್ರ ದೊಡ್ಡದು. ಆಹಾರದ ದೃಷ್ಟಿಯಿಂದ ಮುಖ್ಯವಾದ ವರ್ಷ 1907. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿಂದ ಗಿನಿಪಿಗ್‌ಗಳಿಗೆ ವಿಟಮಿನ್ ಸಿ ಕೊರತೆಯ ಸ್ಕರ್ವಿ ರೋಗ ಬರುವುದನ್ನೂ, ಹಸಿರು ತರಕಾರಿ ಕೊಟ್ಟರೆ ಅದು ತಪ್ಪುವುದನ್ನೂ ತೋರಿಸಿದರು. ಮನುಷ್ಯನಂತೆ ಈ ಪ್ರಾಣಿಯ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಅದರ ಆಹಾರದ ಬಗ್ಗೆ ನಮಗೆ ದಕ್ಕಿದ ಮೊದಲ ಗಟ್ಟಿ ಸತ್ಯವೇ ಹಸಿರು ಬೇಕೆಂಬುದು. ಇಂದಿನ ಸೊಪ್ಪುಭೀತಿ ಈ ಮಾತನ್ನು ಮರೆತಿದೆ.

ನಮ್ಮ ಸೀಮೆಯಲ್ಲೂ ಗಿನಿಪಿಗ್ ಮೊದಲು ಬಂದದ್ದು ಪ್ರಯೋಗಾಲಯದ ದಾರಿಯಿಂದಲೇ. 1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಹೆಬ್ಬಾಳದ ಜೈವಿಕ ಸಂಸ್ಥೆಯಂಥ ಕಡೆ ದನಗಳ ಚಪ್ಪೆರೋಗದ ಲಸಿಕೆಯನ್ನು ಪರೀಕ್ಷಿಸಲು ಗಿನಿಪಿಗ್ ಬೇಕು. ಆದರೆ ಪ್ರಯೋಗಾಲಯದಲ್ಲಿ ಅದಕ್ಕೆ ಮುಪ್ಪು ಬರುವುದು ಅಪರೂಪ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1995ರಲ್ಲಿ ಪರಿಷ್ಕರಿಸಿದ ಪೋಷಣೆಯ ಕೋಷ್ಟಕ ಆಹಾರದಲ್ಲಿ ಶೇ 0.8ರಷ್ಟು ಕ್ಯಾಲ್ಸಿಯಂ ಇರಲಿ ಎನ್ನುತ್ತದೆ. ಅದು ಬೆಳೆಯುವ ಮರಿಗಳನ್ನು ಕಣ್ಣಮುಂದಿಟ್ಟುಕೊಂಡ ಲೆಕ್ಕ. ನಾಲ್ಕು ವರ್ಷದ ಪ್ರಾಣಿಗೆ ಅದನ್ನೇ ಅನ್ವಯಿಸುವುದು ಕರುವಿನ ಮೇವನ್ನು ಮುದಿ ಎತ್ತಿಗೆ ಹಾಕಿದಂತೆ.

ಕಲ್ಲಿನ ಬಗ್ಗೆ ನಿಜವಾದ ತಿಳಿವಳಿಕೆ ಬೆಳೆದದ್ದು ಸಾಕುಪ್ರಾಣಿಗಳ ಚಿಕಿತ್ಸಾಲಯಗಳಲ್ಲಿ, ನಮ್ಮ ಕಾಲದಲ್ಲೇ. ಶಸ್ತ್ರಕ್ರಿಯೆಯಲ್ಲಿ ಹೊರತೆಗೆದ ಕಲ್ಲನ್ನು ಎಸೆಯದೆ ಪ್ರಯೋಗಾಲಯಕ್ಕೆ ಕಳಿಸುವ ಪರಿಪಾಠವೇ ಎಲ್ಲವನ್ನೂ ಬದಲಿಸಿತು. ಅದಕ್ಕೆ ಮುಂಚೆ ಈ ಕಲ್ಲುಗಳು ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ನಂಬಿಕೆ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಿಂದ ಮಿಶೆಲ್ ಹಾಕಿನ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಆ ನಂಬಿಕೆಯನ್ನು ತಲೆಕೆಳಗು ಮಾಡಿತು: ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನಲ್ಲಿರುವ ವಸ್ತುವೇ. ಆಮೇಲೆ ಬ್ರಿಟನ್ನಿನಲ್ಲಿ ನಡೆದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮಹತ್ವದ ಕೆಲಸ ನಡೆದಿಲ್ಲವೆಂದು ನನ್ನ ದೃಢ ಅಭಿಪ್ರಾಯ. ಕಲ್ಲು ಆಕ್ಸಲೇಟ್ ಅಲ್ಲವೆಂದ ಮೇಲೆ ಆಕ್ಸಲೇಟ್ ಇದೆಯೆಂದು ಸೊಪ್ಪು ನಿಷೇಧಿಸುವ, ದೇಹದಲ್ಲಿ ಆಕ್ಸಲೇಟ್ ಆಗುತ್ತದೆಂದು ವಿಟಮಿನ್ ಸಿ ಕಡಿತಗೊಳಿಸುವ ವಾದದ ಬುಡವೇ ಸಡಿಲವಾಯಿತು. ಆದರೆ ಕೊಡಬಾರದ ಸೊಪ್ಪುಗಳ ಪಟ್ಟಿಗಳು ಹಾಗೇ ಉಳಿದವು; ಆಕ್ಸಲೇಟ್ ಎಂದಿದ್ದ ಕಡೆ ಕ್ಯಾಲ್ಸಿಯಂ ಎಂದಾಯಿತು, ಅಷ್ಟೇ.

ನಮ್ಮ ಜಿಲ್ಲೆಯ ಪಶುವೈದ್ಯರಿಗೆ ಮೂತ್ರಕೋಶದ ಕಲ್ಲು ಹೊಸದಲ್ಲ. ಕೊಬ್ಬಿಸಲು ಬೂಸಾ, ಹಿಂಡಿ, ಜೋಳ ತಿನ್ನಿಸಿದ ಟಗರು, ಹೋತಗಳಲ್ಲಿ ಉಚ್ಚೆ ಕಟ್ಟುವುದನ್ನು ಅವರು ಬಲ್ಲರು. ಆದರೆ ಆ ಅನುಭವವನ್ನು ಇಲ್ಲಿಗೆ ತರುವಾಗ ಜಾಗ್ರತೆ ಬೇಕು. ಟಗರಿನದು ಸಾಮಾನ್ಯವಾಗಿ ಧಾನ್ಯದ ರಂಜಕದಿಂದ ಆಗುವ ಫಾಸ್ಫೇಟ್ ಕಲ್ಲು. ಅಮೋನಿಯಂ ಕ್ಲೋರೈಡ್ ಕೊಟ್ಟು ಮೂತ್ರವನ್ನು ಹುಳಿಯಾಗಿಸಿದರೆ ತಡೆಯಬಹುದು. ಗಿನಿಪಿಗ್ ಮೂತ್ರದ ಪಿಎಚ್ ಸಹಜವಾಗಿಯೇ 8ರಿಂದ 9. ಅದನ್ನು ಹುಳಿಯಾಗಿಸುವುದು ಕಷ್ಟ. ಬಲವಂತ ಮಾಡಿದರೆ ರಕ್ತದ ಆಮ್ಲ ಸಮತೋಲನ ಕೆಡುತ್ತದೆ. ಆರೋಗ್ಯವಂತ ಗಿನಿಪಿಗ್‌ನ ಮೂತ್ರವೂ ತುಸು ಮಬ್ಬಾಗಿಯೇ ಇದ್ದು, ಬಟ್ಟೆಯ ಮೇಲೆ ಒಣಗಿದಾಗ ಬಿಳಿ ಪುಡಿ ಉಳಿಯುತ್ತದೆ. ಆ ಪುಡಿಯನ್ನು ಬೆರಳಲ್ಲಿ ತಿಕ್ಕಿದಾಗ ನುಣ್ಣಗಿದ್ದರೆ ಗಾಬರಿ ಬೇಡ. ಮರಳಿನಂತೆ ಗರಗರ ಎಂದರೆ, ಅಥವಾ ಉಚ್ಚೆ ಗಟ್ಟಿ ಬಗ್ಗಡದಂತೆ ಬಂದರೆ ಎಕ್ಸ್‌ರೇ ತೆಗೆಸಬೇಕು. ಈ ಕಲ್ಲು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಲ್ಲು ಕ್ಯಾಲ್ಸಿಯಮ್ಮಿನದೇ ಆದ ಮೇಲೆ ಕ್ಯಾಲ್ಸಿಯಂ ಇರುವ ಸೊಪ್ಪನ್ನು ಬಿಡಿಸುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಲೆಕ್ಕದಲ್ಲಿದೆ. ಒಂದು ಕಿಲೋ ತೂಗುವ ಗಿನಿಪಿಗ್ ದಿನಕ್ಕೆ ಸುಮಾರು 60 ಗ್ರಾಂ ಒಣಮೇವು ತಿನ್ನುತ್ತದೆ ಎನ್ನೋಣ. ಅದು ಕುದುರೆಮೆಂತೆ (ಆಲ್ಫಾಲ್ಫಾ) ಆಗಿದ್ದರೆ, ಶೇ 1.3ರಂತೆ 780 ಮಿಲಿಗ್ರಾಂ ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ಶೇ 0.5ರಷ್ಟು ಕ್ಯಾಲ್ಸಿಯಂ ಇರುವ ಹುಲ್ಲಾದರೆ 300. ಕ್ಯಾಲ್ಸಿಯಂ ಹೆಚ್ಚೆಂದು ದೂರುವ ದಂಟಿನ ಸೊಪ್ಪಿನಲ್ಲಿ 100 ಗ್ರಾಂಗೆ 400 ಮಿಲಿಗ್ರಾಂ ಇದ್ದರೂ, 20 ಗ್ರಾಂ ಕೊಟ್ಟಾಗ ಹೋಗುವುದು 80 ಮಾತ್ರ. ಹೊರೆ ಇರುವುದು ಕುದುರೆಮೆಂತೆಯಲ್ಲಿ, ಅದರಿಂದಲೇ ಮಾಡಿದ ಪೆಲೆಟ್‌ಗಳಲ್ಲಿ. ಮರಿಗೂ ಗಬ್ಬದ ಹೆಣ್ಣಿಗೂ ಅವು ಸರಿ, ಮುದಿ ಪ್ರಾಣಿಗೆ ಬೇಡ. ನುಗ್ಗೆಸೊಪ್ಪು, ಅಗಸೆಸೊಪ್ಪಿನಂಥ ಭಾರಿ ಕ್ಯಾಲ್ಸಿಯಮ್ಮಿನವನ್ನು ದಿನವೂ ಹಾಕಬಾರದು, ನಿಜ. ಆದರೆ ಹಸಿರನ್ನೇ ನಿಲ್ಲಿಸಿದರೆ ಅದರೊಡನೆ ನೀರೂ ನಿಲ್ಲುತ್ತದೆ. 100 ಗ್ರಾಂ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ. ಮೂತ್ರ ತೆಳ್ಳಗಿದ್ದಷ್ಟೂ ಹರಳು ಕೂಡಿಕೊಳ್ಳುವುದು ಕಷ್ಟ. ಜೊತೆಗೆ ವಿಟಮಿನ್ ಸಿ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಬೆಳೆಯುವ ದಪ್ಪ ಮೆಣಸಿನಕಾಯಿಯ 20 ಗ್ರಾಂ ತುಂಡು ಅದನ್ನು ಪೂರೈಸುತ್ತದೆ. ಕ್ಯಾಲ್ಸಿಯಂ ಅದರಲ್ಲಿ ತೀರಾ ಕಡಿಮೆ. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವುದು ಸಲ್ಲದು. ಅದು ಬೇಗ ಕೆಡುತ್ತದೆ, ರುಚಿ ಬದಲಾಗಿ ಪ್ರಾಣಿ ನೀರನ್ನೇ ಕಡಿಮೆ ಮಾಡುತ್ತದೆ.

ಇನ್ನೊಂದು ಆಕ್ಷೇಪ ನಮ್ಮ ಬೋರ್‌ವೆಲ್ ನೀರಿನದು. ಗಡಸು ನೀರಿನಿಂದಲೇ ಕಲ್ಲು ಎಂಬ ಮಾತು ಈ ಜಿಲ್ಲೆಯಲ್ಲಿ ಸಹಜ. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 75 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 200ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಗರಿಷ್ಠ ಪ್ರಮಾಣದ ನೀರನ್ನೇ ದಿನಕ್ಕೆ 100 ಮಿಲಿಲೀಟರ್ ಕುಡಿದರೂ ಸೇರುವುದು 20 ಮಿಲಿಗ್ರಾಂ. ಮೇವಿನ ಮುಂದೆ ಇದು ಗಣನೆಗೇ ಬಾರದು. ಶುದ್ಧೀಕರಿಸಿದ ನೀರು ಕೊಟ್ಟರೆ ತಪ್ಪಿಲ್ಲ, ಆದರೆ ಅಷ್ಟರಿಂದಲೇ ನಿಶ್ಚಿಂತರಾಗುವುದು ತಪ್ಪು.

ಮುಪ್ಪಿನ ವಿಚಾರವನ್ನು ಬೇರೆಯಾಗಿಯೇ ನೋಡಬೇಕು. ಹೆಣ್ಣು ಗಿನಿಪಿಗ್‌ಗೆ ವಯಸ್ಸಾದಂತೆ ಅಂಡಾಶಯದ ಗುಳ್ಳೆ, ಗರ್ಭಕೋಶದ ರೋಗ ಸಾಮಾನ್ಯ. ಅಲ್ಲಿಂದ ಬಂದ ರಕ್ತ ಮೂತ್ರದ ರಕ್ತದಂತೆಯೇ ಕಾಣುತ್ತದೆ. ಮೂತ್ರದ್ವಾರ ಗುದಕ್ಕೆ ಹತ್ತಿರವಿರುವುದರಿಂದ ಸೋಂಕೂ ಸುಲಭ. ಆದರೆ ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್‌ನಂಥವನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಜೀವಾಣುಗಳು ಹಾಳಾಗಿ ಪ್ರಾಣಿಯೇ ಸಾಯಬಹುದು. ಮನೆಯಲ್ಲಿ ಉಳಿದ ಮಾತ್ರೆ ಪುಡಿಮಾಡಿ ಹಾಕುವುದು ಎಂದಿಗೂ ಕೂಡದು. ಕಲ್ಲು ದೊಡ್ಡದಾದರೆ ಶಸ್ತ್ರಕ್ರಿಯೆಯೇ ದಾರಿ. ಆಮೇಲೂ ಅದು ಮರಳಿ ಬರುವುದುಂಟು. ಪೊಟ್ಯಾಸಿಯಂ ಸಿಟ್ರೇಟ್‌ನಂಥ ಔಷಧಿಗಳ ಪರ ಸಾಕ್ಷ್ಯ ತೆಳು. ಹಾಗಾಗಿ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು, ಬೊಜ್ಜು ಬೆಳೆಯದಂತೆ ಓಡಾಡಲು ಜಾಗ ಕೊಡುವುದು, ನೋವಿಗೆ ವೈದ್ಯರು ಹೇಳಿದ ಔಷಧಿ ತಪ್ಪಿಸದಿರುವುದು ಸಣ್ಣ ಮಾತುಗಳಲ್ಲ.

ಉಳಿದದ್ದು ಮೇವಿನ ಪ್ರಶ್ನೆ. ವಿದೇಶದ ಪುಸ್ತಕಗಳೆಲ್ಲ ಟಿಮೊಥಿ ಹುಲ್ಲನ್ನು ಹೊಗಳುತ್ತವೆ. ಅದು ನಮ್ಮ ಬಯಲಿನ ಬೆಳೆಯಲ್ಲ, ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಬರುತ್ತದೆ. ನಮ್ಮಲ್ಲಿ ರೋಡ್ಸ್ ಹುಲ್ಲಿದೆ, ಗಿನಿ ಹುಲ್ಲಿದೆ, ನೇಪಿಯರ್ ಇದೆ, ಎಲ್ಲರ ಹಿತ್ತಿಲಲ್ಲೂ ರಾಗಿಹುಲ್ಲಿನ ಬಣವೆ ಇದೆ. ರಾಗಿಹುಲ್ಲಿನಲ್ಲಿ ಕ್ಯಾಲ್ಸಿಯಂ ಭತ್ತದ ಹುಲ್ಲಿಗಿಂತ ಹೆಚ್ಚೆಂಬುದನ್ನು ಹಸು ಸಾಕುವವರು ಗುಣವೆಂದೇ ಎಣಿಸಿದ್ದಾರೆ. ಕಲ್ಲು ಕಟ್ಟಿದ ಗಿನಿಪಿಗ್‌ಗೆ ಅದೇ ಗುಣ ಹೊರೆಯಾಗಬಹುದು. ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಎರಡೂ ನಮಗೆ ಹತ್ತಿರದಲ್ಲೇ ಇವೆ. ಸ್ಥಳೀಯ ಹುಲ್ಲುಗಳ ಖನಿಜಾಂಶವನ್ನು ಸಣ್ಣ ಪ್ರಾಣಿಗಳ ದೃಷ್ಟಿಯಿಂದ ಪಟ್ಟಿ ಮಾಡುವುದು, ನಮ್ಮ ಶಸ್ತ್ರಕ್ರಿಯಾ ಕೊಠಡಿಗಳಲ್ಲಿ ತೆಗೆದ ಪ್ರತಿ ಕಲ್ಲನ್ನೂ ಪ್ರಾಣಿಯ ವಯಸ್ಸು, ತಿಂದ ಮೇವಿನ ವಿವರದೊಡನೆ ವಿಶ್ಲೇಷಣೆಗೆ ಕಳಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಅಲ್ಲಿಯವರೆಗೆ ಕುದುರೆಮೆಂತೆ ಬಿಡಿಸಿ, ಹುಲ್ಲು ಹೆಚ್ಚಿಸಿ, ಸೊಪ್ಪನ್ನು ದಿನಕ್ಕೊಂದು ಬಗೆಯಂತೆ ತೊಳೆದು ನೀರು ಸೋರುವಂತೆಯೇ ಕೊಡುವುದು ಇಂದಿನ ತಿಳಿವಳಿಕೆಗೆ ಒಪ್ಪುವ ದಾರಿ.