ಟ್ರಾನ್ಸ್‌ವಾಲಿನ ಕರಾಳ ಶಾಸನ ಮತ್ತು ಸತ್ಯಾಗ್ರಹದ ಉದಯ

ಪ್ರೌಢಶಾಲೆಯ ಇತಿಹಾಸದ ಪಾಠಗಳಲ್ಲಿ ಗಾಂಧೀಜಿಯವರ ದಕ್ಷಿಣ ಆಫ್ರಿಕದ ಹೋರಾಟಕ್ಕೆ ದೊರೆಯುತ್ತಿದ್ದ ಸ್ಥಳ ಬಹಳ ಕಡಿಮೆ. ಭಾರತೀಯರು ತಮ್ಮ ಹೆಸರನ್ನು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂದು ಅಲ್ಲಿಯ ಸರ್ಕಾರ ಶಾಸನ ಮಾಡಿತು, ಗಾಂಧೀಜಿ ಅದನ್ನು ವಿರೋಧಿಸಿದರು ಎಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಒಮ್ಮೆ ಹಾಗೆ ಮುಂದೆ ಹೋಗಲು ಒಬ್ಬ ವಿದ್ಯಾರ್ಥಿ ಬಿಡಲಿಲ್ಲ. “ಗುರುಗಳೇ, ನಮ್ಮ ತಂದೆ ಪ್ರತಿವರ್ಷ ಸೊಸೈಟಿಯ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಬೆರಳಿನ ಗುರುತು ಕೊಡುವುದರಲ್ಲಿ ಅಂಥ ಅವಮಾನವೇನಿದೆ?” ಎಂದು ಕೇಳಿದ. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಇತಿಹಾಸವನ್ನು ಮತ್ತೆ ಓದಿದಾಗ, ಹುಡುಗನ ಪ್ರಶ್ನೆಯೇ ಆ ಹೋರಾಟದ ನಡುವಿನ ಪ್ರಶ್ನೆಯಾಗಿತ್ತೆಂಬುದು ತಿಳಿಯಿತು. ಪ್ರಕೃತ ಲೇಖನ ಅದಕ್ಕೆ ತಡವಾಗಿ ಕೊಟ್ಟ ಉತ್ತರ.

ಟ್ರಾನ್ಸ್‌ವಾಲ್ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ನಾಡು. ಮೊದಲು ಅದು ಬೋಯರರ ಗಣರಾಜ್ಯವಾಗಿತ್ತು. ಅಲ್ಲಿಯ 1885ರ 3ನೆಯ ಕಾಯಿದೆಯು ಏಷ್ಯದವರಿಗೆ ಪೌರತ್ವವನ್ನು ನಿರಾಕರಿಸಿ, ಆಸ್ತಿ ಹೊಂದುವ ಹಕ್ಕನ್ನು ಮೊಟಕುಗೊಳಿಸಿತ್ತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ತರುವಾಯ ನಾಡು ಬ್ರಿಟಿಷರ ವಶವಾಯಿತು. ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆಗಳಾದ ತಮಗೆ ಇನ್ನಾದರೂ ನ್ಯಾಯ ದೊರೆತೀತೆಂದು ಭಾರತೀಯರು ನಂಬಿದರು. ಆದರೆ ಹಳೆಯ ಕಾಯಿದೆಗಳನ್ನು ಬೋಯರರು ಎಷ್ಟು ಸಡಿಲವಾಗಿ ನಡೆಸಿದ್ದರೋ ಹೊಸ ಅಧಿಕಾರಿಗಳು ಅಷ್ಟೇ ಬಿಗಿಯಾಗಿ ನಡೆಸತೊಡಗಿದರು. ಭಾರತೀಯರು ಸುಳ್ಳು ಪರವಾನೆಗಳಿಂದ ತಂಡತಂಡವಾಗಿ ನುಸುಳುತ್ತಿದ್ದಾರೆ ಎಂಬ ಕೂಗು ಬಿಳಿಯ ವರ್ತಕರಲ್ಲಿ ಎದ್ದಿತು.

ಈ ಕೂಗಿನ ಫಲವಾಗಿ 1906ರ ಆಗಸ್ಟ್ 22ರ ಸರ್ಕಾರಿ ಗೆಜೆಟ್ಟಿನಲ್ಲಿ ಏಷ್ಯಾಟಿಕ್ ಕಾಯಿದೆ ತಿದ್ದುಪಡಿಯ ಕರಡು ಪ್ರಕಟವಾಯಿತು. ಅದರ ವಿಧಿಗಳನ್ನು ಗಾಂಧೀಜಿ ತಮ್ಮ ‘ದಕ್ಷಿಣ ಆಫ್ರಿಕದ ಸತ್ಯಾಗ್ರಹ’ ಗ್ರಂಥದಲ್ಲಿ ವಿವರಿಸಿದ್ದಾರೆ. ಗಂಡಸರು, ಹೆಂಗಸರು ಮತ್ತು 8 ವರ್ಷ ಮೀರಿದ ಮಕ್ಕಳು ಎಲ್ಲರೂ ಹಳೆಯ ಪರವಾನೆಗಳನ್ನು ಒಪ್ಪಿಸಿ, ಮೈಮೇಲಿನ ಗುರುತುಗಳನ್ನೂ ಬೆರಳಚ್ಚುಗಳನ್ನೂ ಕೊಟ್ಟು ಹೊಸ ಪತ್ರ ಪಡೆಯಬೇಕು. ಪಡೆಯದಿದ್ದವರಿಗೆ 100 ಪೌಂಡುಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಗಡೀಪಾರು. ಇಷ್ಟರಿಂದಲೇ ಮುಗಿಯಲಿಲ್ಲ. ಯಾವ ಪೋಲೀಸ್ ಅಧಿಕಾರಿ, ಯಾವ ಸಮಯದಲ್ಲಿ, ಎಲ್ಲಿ ಕೇಳಿದರೂ ಆ ಪತ್ರವನ್ನು ತೋರಿಸಲೇಬೇಕು. ಬೀದಿಯಲ್ಲಿ ನಡೆಯುವವನನ್ನು ನಿಲ್ಲಿಸಿ ಕೇಳಬಹುದು. ಪತ್ರ ನೋಡುವ ನೆಪದಿಂದ ಪೋಲೀಸರು ಮನೆಯೊಳಕ್ಕೆ ಪ್ರವೇಶಿಸಬಹುದು. ವ್ಯಾಪಾರದ ಲೈಸೆನ್ಸು ಹಾಗಿರಲಿ, ಸೈಕಲ್ಲಿನ ಲೈಸೆನ್ಸಿಗೂ ಆ ಪತ್ರವೇ ಆಧಾರ.

ಬೆರಳಚ್ಚಿನ ಹಿಂದೆ ಒಂದು ಕಥೆಯುಂಟು. ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮ ರೂಪುಗೊಂಡದ್ದು ನಮ್ಮ ದೇಶದಲ್ಲಿಯೇ. ಬಂಗಾಳದ ಪೋಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಅದಕ್ಕಾಗಿ ದುಡಿದರು. 1897ರಲ್ಲಿ ಕಲಕತ್ತೆಯಲ್ಲಿ ಅದರ ಕಚೇರಿ ಸ್ಥಾಪಿತವಾಯಿತು. ಅದೇ ಹೆನ್ರಿಯನ್ನು 1900ರಲ್ಲಿ ಪೋಲೀಸ್ ವ್ಯವಸ್ಥೆಯನ್ನು ಕಟ್ಟಲು ದಕ್ಷಿಣ ಆಫ್ರಿಕಕ್ಕೆ ಕಳುಹಿಸಲಾಯಿತು. ಹತ್ತೂ ಬೆರಳುಗಳ ಗುರುತನ್ನು ಬಲವಂತದಿಂದ ತೆಗೆದುಕೊಳ್ಳುವುದು ಅಪರಾಧಿಗಳಿಂದ ಮಾತ್ರ ಎಂಬುದನ್ನು ಗಾಂಧೀಜಿ ಈ ವಿಷಯದ ಗ್ರಂಥಗಳಿಂದಲೇ ತಿಳಿದುಕೊಂಡರು. ಭಾರತದಲ್ಲಿ ‘ಅಪರಾಧಿ ಬುಡಕಟ್ಟು’ಗಳೆಂದು ಹಣೆಪಟ್ಟಿ ಹಚ್ಚಿದ ಜನರ ಮೇಲಿನ ಕಾಯಿದೆಗಳಿಗೆ ಈ ಕರಡನ್ನು ಅವರು ಹೋಲಿಸಿದ್ದಾರೆ. ಆ ಹೋಲಿಕೆ ನಮ್ಮ ನಾಡಿನವರಿಗೆ ಬೇಗ ಅರ್ಥವಾದೀತು. ಹುಬ್ಬಳ್ಳಿ, ಗದಗು ಪಟ್ಟಣಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿದಿರುವುದು ಆ ಕಾಯಿದೆಯಿಂದಲೇ. ಒಬ್ಬನು ಮಾಡಿದ ತಪ್ಪಿಗಲ್ಲದೆ, ಹುಟ್ಟಿದ ಕುಲಕ್ಕಾಗಿ ಹಾಜರಿ ಹಾಕಿಸಿಕೊಂಡು ಬಾಳಬೇಕಾದ ಆ ಬಳಗಗಳ ಬವಣೆ 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾಗಿ, ದೇಶದ ಎಲ್ಲೆಡೆಗೆ ಹಬ್ಬಿ, ಕಾನೂನಿನ ಮಟ್ಟಿಗಾದರೂ 1952ರಲ್ಲಿ ಕೊನೆಗೊಂಡಿತು.

ಕರಡು ಪ್ರಕಟವಾದ ಮೂರು ವಾರಗಳೊಳಗೆ, 1906ರ ಸೆಪ್ಟೆಂಬರ್ 11ರಂದು, ಜೋಹಾನ್ಸ್‌ಬರ್ಗಿನ ಎಂಪೈರ್ ರಂಗಮಂದಿರದಲ್ಲಿ ಭಾರತೀಯರ ಮಹಾಸಭೆ ಸೇರಿತು. ಟ್ರಾನ್ಸ್‌ವಾಲ್ ಬ್ರಿಟಿಷ್ ಇಂಡಿಯನ್ ಅಸೋಸಿಯೇಷನ್ನಿನ ಅಧ್ಯಕ್ಷರಾದ ಅಬ್ದುಲ್ ಗನಿಯವರು ಸಭಾಧ್ಯಕ್ಷರು. ಸುಮಾರು 3,000 ಜನ ನೆರೆದಿದ್ದರು. ಶಾಸನವಾದರೆ ಅದಕ್ಕೆ ತಲೆಬಾಗದೆ, ಬಂದ ಶಿಕ್ಷೆಯನ್ನು ಅನುಭವಿಸುವುದೆಂಬ ನಿರ್ಣಯ ಮಂಡಿತವಾಯಿತು. ಆಗ ಶೇಠ್ ಹಾಜಿ ಹಬೀಬರು ಈ ನಿರ್ಣಯವನ್ನು ದೇವರ ಸಾಕ್ಷಿಯಾಗಿ ಸ್ವೀಕರಿಸಬೇಕೆಂದರು. ಗಾಂಧೀಜಿ ಇದನ್ನು ನಿರೀಕ್ಷಿಸಿರಲಿಲ್ಲ. ನಿರ್ಣಯಕ್ಕೂ ಶಪಥಕ್ಕೂ ಇರುವ ಅಂತರವನ್ನು ಅವರು ಸಭೆಗೆ ಬಿಡಿಸಿ ಹೇಳಿದರು: ಬಹುಮತದ ನಿರ್ಣಯವನ್ನು ಬಹುಮತದಿಂದ ಬದಲಿಸಬಹುದು. ದೇವರ ಮೇಲಿನ ಆಣೆಯನ್ನು ಪ್ರತಿಯೊಬ್ಬನೂ ತನ್ನ ಅಂತಃಕರಣವನ್ನು ಕೇಳಿ ಇಡಬೇಕು. ಉಳಿದವರೆಲ್ಲರೂ ಬಿಟ್ಟುಹೋದರೂ ತಾನೊಬ್ಬನೇ ಅದನ್ನು ನಡೆಸಬೇಕು. ಸೆರೆವಾಸ, ಹಸಿವು, ಆಸ್ತಿಯ ನಷ್ಟ, ಸಾವು ಇವುಗಳನ್ನೆಲ್ಲ ಮುಂದಾಗಿಯೇ ಎಣಿಸಿ ತೋರಿಸಿದರು. ಅದನ್ನು ಕೇಳಿದ ಮೇಲೆಯೂ ಸಭಿಕರೆಲ್ಲ ಎದ್ದುನಿಂತು, ಕೈಯೆತ್ತಿ ಶಪಥ ಮಾಡಿದರು. ಈ ಹೋರಾಟಕ್ಕೆ ಆಗಿನ್ನೂ ಹೆಸರಿರಲಿಲ್ಲ. ಮುಂದೆ ‘ಇಂಡಿಯನ್ ಒಪೀನಿಯನ್’ ಪತ್ರಿಕೆ ಹೆಸರಿಗಾಗಿ ಬಹುಮಾನ ಸಾರಿದಾಗ ಮಗನಲಾಲ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ‘ಸತ್ಯಾಗ್ರಹ’ ಎಂದು ತಿದ್ದಿದರು.

ಶಪಥ ಮಾಡಿದವರು ವಿಧಿವತ್ತಾದ ದಾರಿಗಳನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಸರ್ಕಾರದೊಡನೆ ಮಾತನಾಡಿದ್ದರಿಂದ ಹೆಂಗಸರು ಕರಡಿನಿಂದ ಮುಕ್ತರಾದರು. ಗಾಂಧೀಜಿ ಮತ್ತು ಎಚ್. ಒ. ಅಲಿಯವರು ಲಂಡನ್ನಿಗೆ ತೆರಳಿ, ನವೆಂಬರ್ 8ರಂದು ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್ನರನ್ನು ಕಂಡರು. ಹಿಂದೆ ಭಾರತದ ವೈಸರಾಯರಾಗಿದ್ದವರು ಇವರೇ. ಕರಡಿಗೆ ಚಕ್ರವರ್ತಿಯ ಸಮ್ಮತಿ ದೊರೆಯಲಿಲ್ಲವೆಂಬ ತಂತಿ ಹಿಂದಿರುಗುವ ದಾರಿಯಲ್ಲಿ, ಮದೀರಾ ದ್ವೀಪದಲ್ಲಿ, ಅವರಿಗೆ ತಲುಪಿತು. ಈ ಹರ್ಷ ಹೆಚ್ಚು ದಿನ ಉಳಿಯಲಿಲ್ಲ. ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ದೊರೆಯುವುದರಲ್ಲಿತ್ತು. ಬಿಳಿಯರು ಮಾತ್ರ ಆರಿಸಿದ ಹೊಸ ಶಾಸನಸಭೆಯು 1907ರ ಮಾರ್ಚ್ 21ರಂದು ಬಹುಮಟ್ಟಿಗೆ ಅದೇ ಕರಡನ್ನು ಒಂದೇ ಬೈಠಕ್ಕಿನಲ್ಲಿ ಎಲ್ಲ ಹಂತಗಳನ್ನೂ ದಾಟಿಸಿ ಅಂಗೀಕರಿಸಿತು. ಈ ಸಲ ಲಂಡನ್ ಸಮ್ಮತಿಸಿತು. ಯಾರ ಮೇಲೆ ಶಾಸನವೋ ಅವರಿಗೆ ಆ ಸಭೆಯಲ್ಲಿ ಒಂದು ಮತವೂ ಇರಲಿಲ್ಲ. ಭಾರತೀಯರು ಇದನ್ನು ‘ಕರಾಳ ಶಾಸನ’ವೆಂದು ಕರೆದರು.

ಜುಲೈ 1ರಿಂದ ಕಾಯಿದೆ ಜಾರಿಗೆ ಬಂತು. ನೋಂದಣಿಯ ಕಚೇರಿಗಳ ಮುಂದೆ ಸ್ವಯಂಸೇವಕರು ನಿಂತು, ಬಂದವರಿಗೆ ಕಾಯಿದೆಯ ಸ್ವರೂಪವನ್ನು ತಿಳಿಸುತ್ತಿದ್ದರು. ಯಾರನ್ನೂ ನಿಂದಿಸಕೂಡದು, ತಡೆಯಕೂಡದು ಎಂದು ಅವರಿಗೆ ಕಟ್ಟಪ್ಪಣೆಯಿತ್ತು. ಅವಧಿಯನ್ನು ಮತ್ತೆ ಮತ್ತೆ ಮುಂದೂಡಿದರೂ, ಸುಮಾರು 13,000 ಭಾರತೀಯರಲ್ಲಿ ಪತ್ರ ಪಡೆದವರು 500ರ ಆಸುಪಾಸು. ಲಿಯುಂಗ್ ಕ್ವಿನ್ ಅವರ ಮುಂದಾಳುತನದಲ್ಲಿ ಚೀನೀಯರೂ ಹೋರಾಟಕ್ಕೆ ಸೇರಿದರು. 1908ರ ಜನವರಿ 10ರಂದು, ತಾವು ವಕೀಲರಾಗಿ ವಾದಿಸುತ್ತಿದ್ದ ನ್ಯಾಯಾಲಯದಲ್ಲಿಯೇ ಗಾಂಧೀಜಿ ಆರೋಪಿಯಾಗಿ ನಿಂತು ಅತ್ಯಧಿಕ ಶಿಕ್ಷೆಯನ್ನು ಬೇಡಿದರು. ಎರಡು ತಿಂಗಳ ಸಾದಾ ಸೆರೆವಾಸ ವಿಧಿಸಲಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಸತ್ಯಾಗ್ರಹಿ ಕೈದಿಗಳ ಸಂಖ್ಯೆ 150ನ್ನು ಮುಟ್ಟಿತ್ತು.

ಇಲ್ಲಿಂದ ಮುಂದಿನ ಘಟ್ಟದಲ್ಲಿಯೇ ನನ್ನ ವಿದ್ಯಾರ್ಥಿಯ ಪ್ರಶ್ನೆ ಎದ್ದು ಬರುತ್ತದೆ. ಜನವರಿ 30ರಂದು ಮಂತ್ರಿ ಸ್ಮಟ್ಸ್ ಅವರೊಡನೆ ಒಪ್ಪಂದವಾಯಿತು. ಗಾಂಧೀಜಿ ಅದನ್ನು ಗ್ರಹಿಸಿದಂತೆ, ಭಾರತೀಯರು ತಾವಾಗಿಯೇ ನೋಂದಾಯಿಸಿಕೊಳ್ಳಬೇಕು. ಸರ್ಕಾರ ಕಾಯಿದೆಯನ್ನು ರದ್ದುಪಡಿಸಬೇಕು. ಅಂದಿನ ರಾತ್ರಿಯ ಸಭೆಯಲ್ಲಿ ಒಬ್ಬ ಪಠಾಣ ಎದ್ದುನಿಂತು ಕಟುವಾಗಿ ಪ್ರಶ್ನಿಸಿದ: ಬೆರಳಚ್ಚು ಕೊಡುವುದು ಅಪರಾಧಿಗಳ ಲಕ್ಷಣವೆಂದು ಹೇಳಿದವರು ನೀವೇ, ಇಂದು ಕೊಡಿರೆಂದು ಹೇಳುವವರೂ ನೀವೇ, ಇದು ಯಾವ ನ್ಯಾಯ? ಗಾಂಧೀಜಿ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು. ಒಬ್ಬನು ಬೆದರಿಸಿ ಸಲಾಮು ಮಾಡಿಸಿಕೊಂಡರೆ ಮಾಡಿದವನ ಮಾನ ಹೋಗುತ್ತದೆ. ಅದೇ ಸಲಾಮನ್ನು ತಾನಾಗಿ ಮಾಡಿದರೆ ಅದು ಸೌಜನ್ಯ. ಕ್ರಿಯೆ ಒಂದೇ, ಅದರ ಹಿಂದಿನ ಬಲವಂತ ಹೋದಾಗ ಅರ್ಥ ಬೇರೆ. ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಫೆಬ್ರವರಿ 10ರಂದು ನೋಂದಣಿಗೆ ಹೊರಟ ಗಾಂಧೀಜಿಯವರನ್ನು ಮೀರ್ ಆಲಮ್ ಎಂಬ ಪಠಾಣ ಮತ್ತು ಅವನ ಸಂಗಡಿಗರು ಬೀದಿಯಲ್ಲಿ ಹೊಡೆದು ಕೆಡವಿದರು. ಪಾದ್ರಿ ಜೋಸೆಫ್ ಡೋಕ್ ಅವರ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗಲೇ ಗಾಂಧೀಜಿ ಅಧಿಕಾರಿಯನ್ನು ಬರಮಾಡಿಕೊಂಡು ಹತ್ತು ಬೆರಳುಗಳ ಗುರುತು ಕೊಟ್ಟರು. ಹೊಡೆದವರ ಮೇಲೆ ಮೊಕದ್ದಮೆ ಹೂಡಬಾರದೆಂದು ತಿಳಿಸಿದರು.

ಜನ ಮಾತು ನಡೆಸಿದರು. ಕಾಯಿದೆ ಮಾತ್ರ ರದ್ದಾಗಲಿಲ್ಲ. ಆದ್ದರಿಂದ 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಆವರಣದಲ್ಲಿ ದೊಡ್ಡದೊಂದು ಕಡಾಯಿಯಿಟ್ಟು, 2,000ಕ್ಕೂ ಮಿಕ್ಕಿದ ಪತ್ರಗಳನ್ನು ಸೀಮೆಎಣ್ಣೆ ಸುರಿದು ಸುಟ್ಟರು. ಆ ಸಭೆಗೆ ಮೀರ್ ಆಲಮನೂ ಬಂದಿದ್ದ. ತಾನು ಹೊಡೆದದ್ದು ತಪ್ಪಾಯಿತೆಂದು ಹೇಳಿ ತನ್ನ ಹಳೆಯ ಪತ್ರವನ್ನು ಬೆಂಕಿಗೆ ಒಪ್ಪಿಸಿದ. ಗಾಂಧೀಜಿ ಅವನ ಕೈಹಿಡಿದು ಸಂತೋಷಪಟ್ಟರು.

ಮುಂದಿನ ಆರು ವರ್ಷಗಳು ಸುಖದ ವರ್ಷಗಳಲ್ಲ. ವರ್ತಕರಾದ ಕಾಛಲಿಯಾ ಅವರು ಹೋರಾಟವನ್ನು ಬಿಡಲೊಲ್ಲದೆ ದಿವಾಳಿಯನ್ನೊಪ್ಪಿ, ಸಾಲಗಾರರಿಗೆ ಪೂರ್ತಿ ಹಣ ತೀರಿಸಿದರು. ತರುಣ ನಾಗಪ್ಪನ್ 1909ರಲ್ಲಿ ಸೆರೆಮನೆಯಿಂದ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಸೆರೆಮನೆಯಿಂದ ಜ್ವರ ಹೊತ್ತು ಬಂದ ಹದಿನಾರರ ಬಾಲೆ ವಳ್ಳಿಯಮ್ಮ 1914ರ ಫೆಬ್ರವರಿಯಲ್ಲಿ ಅಸುನೀಗಿದಳು. ಅದೇ ವರ್ಷ ಭಾರತೀಯರ ಪರಿಹಾರ ಕಾಯಿದೆ ಬಂದು, ಮೂರು ಪೌಂಡಿನ ತಲೆಗಂದಾಯ ರದ್ದಾಗಿ, ಭಾರತೀಯ ವಿವಾಹಗಳಿಗೆ ಮಾನ್ಯತೆ ದೊರೆತು, ಹೋರಾಟ ನಿಂತಿತು. ಐದು ವರ್ಷಗಳ ಬಳಿಕ, ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡುವ ರೌಲಟ್ ಕಾಯಿದೆ ಭಾರತದಲ್ಲಿ ಬಂದಾಗ ಅದೇ ಆಯುಧ ತಾಯ್ನಾಡಿಗೆ ಬಂತು.

ಇತಿಹಾಸವನ್ನು ಬರೆಯುವವನು ಒಂದು ಮಾತನ್ನು ಮುಚ್ಚಿಡಬಾರದು. ದಾರಿಯಲ್ಲಿ ತಡೆದು ಪತ್ರ ಕೇಳುವ ‘ಪಾಸ್’ ಕಾಯಿದೆ ಆ ನಾಡಿನ ಮೂಲನಿವಾಸಿ ಆಫ್ರಿಕನರ ಮೇಲೆ ಮೊದಲೇ ಇತ್ತು. 1906ರ ಶಪಥ ಅವರನ್ನು ಒಳಗೊಳ್ಳಲಿಲ್ಲ. ತಮ್ಮನ್ನು ಅವರೊಡನೆ ಸಮನಾಗಿ ಎಣಿಸುತ್ತಾರೆಂಬುದೇ ಅಂದಿನ ಅನೇಕ ಭಾರತೀಯರ ದೂರಾಗಿತ್ತು. ಆ ವರ್ಷಗಳ ಗಾಂಧೀಜಿಯೂ ಈ ಮಿತಿಯನ್ನು ದಾಟಿರಲಿಲ್ಲ. ಆಫ್ರಿಕನರು ತಮ್ಮ ಹೋರಾಟವನ್ನು ತಾವೇ ಕಟ್ಟಿದರು. 1913ರಲ್ಲಿ ಬ್ಲೂಮ್‌ಫಾಂಟೀನಿನ ಹೆಂಗಸರು ಪಾಸುಗಳನ್ನು ನಿರಾಕರಿಸಿ ಸೆರೆಮನೆ ಸೇರಿದರು. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯದ ಸರ್ಕಾರಿ ಸೌಧದ ಮುಂದೆ ನೆರೆದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪಾಸು ಬಿಟ್ಟು ಬಂದ ನಿರಾಯುಧ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದಾಗ, ಅಂದಿನ ಸರ್ಕಾರಿ ಲೆಕ್ಕದಂತೆ, 69 ಜನ ಮಡಿದರು. ಪಾಸ್ ಕಾಯಿದೆಗಳು ರದ್ದಾದುದು 1986ರಲ್ಲಿ. ಒಂದು ಜನವರ್ಗದ ಮೇಲೆ ಹೇರಿದ ಶಾಸನವನ್ನು ಇನ್ನೊಂದು ವರ್ಗ ಕಂಡೂ ಕಾಣದಂತಿದ್ದರೆ, ಅದು ತನ್ನ ಬಾಗಿಲಿಗೂ ಬಂದೀತೆಂಬುದಕ್ಕೆ ಟ್ರಾನ್ಸ್‌ವಾಲಿಗಿಂತ ಬೇರೆ ನಿದರ್ಶನ ಬೇಡ.

ಈಗ ಆ ಹುಡುಗನಿಗೆ ಉತ್ತರ ಹೇಳಬಲ್ಲೆ. ಅವನ ತಂದೆ ಸಾಲಪತ್ರಕ್ಕೆ ಒತ್ತುವ ಹೆಬ್ಬೆಟ್ಟು ಅವನ ಮಾತಿನ ಸಾಕ್ಷಿ: ಸಾಲ ಪಡೆದೆ, ತೀರಿಸುತ್ತೇನೆ ಎಂಬ ಮಾತು. ಟ್ರಾನ್ಸ್‌ವಾಲಿನ ಶಾಸನ ಕೇಳಿದ ಹತ್ತು ಬೆರಳುಗಳು ಅದಕ್ಕೆ ತದ್ವಿರುದ್ಧ. ನಿನ್ನ ಮಾತನ್ನು ನಂಬುವುದಿಲ್ಲ, ನಿನ್ನ ಕುಲದ ಯಾರ ಮಾತನ್ನೂ ನಂಬುವುದಿಲ್ಲ, ಆದಕಾರಣ ಬೀದಿಯಲ್ಲಿ ನಿನ್ನನ್ನು ನಿಲ್ಲಿಸುವ, ನಿನ್ನ ಮನೆಯ ಹೊಸ್ತಿಲು ದಾಟುವ ಅಧಿಕಾರವನ್ನು ಪೋಲೀಸನಿಗೆ ಕೊಟ್ಟಿದ್ದೇವೆ ಎಂದು ಆ ಶಾಸನ ಹೇಳಿತು. ಜನರನ್ನು ಕಾಯುವುದಕ್ಕೆ ಪೋಲೀಸರಿಗೆ ಅಧಿಕಾರ ಬೇಕು, ನಿಜ. ಆದರೆ ತಪ್ಪು ಮಾಡಿದವನನ್ನು ಹುಡುಕಲು ಕೊಟ್ಟ ಅಧಿಕಾರ ಒಂದು ತೆರ. ಹುಟ್ಟಿನಿಂದಲೇ ಒಂದು ಜನಾಂಗವನ್ನು ಶಂಕಿಸಲು ಕೊಟ್ಟ ಅಧಿಕಾರ ಇನ್ನೊಂದು ತೆರ. ಎಂಪೈರ್ ರಂಗಮಂದಿರದಲ್ಲಿ ಕೈಯೆತ್ತಿದವರಲ್ಲಿ ವರ್ತಕರಿದ್ದರು, ತಲೆಹೊರೆಯ ವ್ಯಾಪಾರಿಗಳಿದ್ದರು, ಅಕ್ಷರ ಬಾರದವರೂ ಇದ್ದರು. ಈ ಅಂತರವನ್ನು ಅವರು ನಮಗಿಂತ ಬೇಗ ಕಂಡುಕೊಂಡರು.